ಬತ್ತಿ ಸುಟ್ಟಿತು, ಎಣ್ಣೆ ಉಳಿಯಿತು

ಮೊನ್ನೆ ಮೊನ್ನೆಯವರೆಗೂ ನಮ್ಮ ಊರುಗಳಲ್ಲಿ ಬೈಕಿಗೆ ನಂಬರ್ ಬರೆಸಲು ಹೋದರೆ ಅಂಗಡಿಯವನು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಪೇಂಟಾ, ರೇಡಿಯಮ್ಮಾ?’ ಲಾರಿಯ ಬೆನ್ನಿಗೆ ಅಂಟಿಸಿದ ಕೆಂಪು ಪಟ್ಟಿ ರೇಡಿಯಂ. ಮಕ್ಕಳ ಕೋಣೆಯ ಸೂರಿಗೆ ಅಂಟಿಸಿದ ಹಸಿರು ನಕ್ಷತ್ರಗಳೂ ರೇಡಿಯಂ. ಇವುಗಳಲ್ಲಿ ಯಾವುದರಲ್ಲೂ ರೇಡಿಯಂ ಎಂಬ ಧಾತುವಿನ ಒಂದು ಕಣವೂ ಇಲ್ಲ. ಪಟ್ಟಿ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಾರಿಗೇ ವಾಪಸು ಕಳಿಸುತ್ತದೆ, ನಕ್ಷತ್ರ ಟ್ಯೂಬ್‌ಲೈಟಿನಿಂದ ಕುಡಿದದ್ದನ್ನು ಕತ್ತಲಲ್ಲಿ ಕಕ್ಕುತ್ತದೆ. ಆದರೂ ಕತ್ತಲಲ್ಲಿ ಕಾಣುವುದಕ್ಕೆಲ್ಲ ನಾವು ರೇಡಿಯಂ ಎಂದೇ ಹೆಸರಿಟ್ಟಿದ್ದೇವೆ. ಆ ಹೆಸರಿನ ಹಿಂದೆ ಒಂದು ಕಾಲದ ಕೈಗಡಿಯಾರವಿದೆ. ಅದರಲ್ಲಿ ನಿಜಕ್ಕೂ ರೇಡಿಯಂ ಇತ್ತು. ಈಗಲೂ ಇದೆ.

ನಮ್ಮ ದೊಡ್ಡಪ್ಪನ ಟ್ರಂಕಿನಲ್ಲಿ ಅಂಥದೊಂದು ವಾಚ್ ಸಿಕ್ಕಿತು. ಕೀ ಕೊಡುವ ಸ್ವಿಸ್ ವಾಚ್. ಡಯಲಿನ ಕೆಳತುದಿಯಲ್ಲಿ, ಆರರ ಅಂಕಿಯ ಬುಡದಲ್ಲಿ, ‘ಸ್ವಿಸ್’ ಎಂದಷ್ಟೇ ಪುಟ್ಟ ಅಕ್ಷರ. ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕಾದ ಅಂಕಿಗಳು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದ್ದವು. ಮುಳ್ಳುಗಳ ಹೊಟ್ಟೆಯಲ್ಲಿ ತುಂಬಿದ್ದ ಬಣ್ಣ ಇನ್ನೂ ಕಪ್ಪಾಗಿ, ಒಂದೆರಡು ಕಡೆ ಬಿರುಕು ಬಿಟ್ಟಿತ್ತು. ರಾತ್ರಿ ದೀಪ ಆರಿಸಿ ಹತ್ತು ನಿಮಿಷ ದಿಟ್ಟಿಸಿದರೂ ಒಂದು ಮಿಣುಕಿಲ್ಲ. ವಾಚ್ ರಿಪೇರಿಯವರ ಹತ್ತಿರ ಒಯ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ ಹೇಳಿದರು: ‘ರೇಡಿಯಂ ಖಾಲಿ ಆಗಿದೆ ಸಾರ್. ಕೆರೆದು ಹೊಸದು ತುಂಬಿಸೋಣ.’

ಆ ಮಾತಿನಲ್ಲಿದ್ದ ತಪ್ಪು ಬಹಳ ಸಹಜವಾದದ್ದು. ದೀಪ ಆರಿದರೆ ಎಣ್ಣೆ ಮುಗಿಯಿತೆಂದೇ ಯಾರಾದರೂ ತಿಳಿಯುತ್ತಾರೆ. ಆದರೆ ರೇಡಿಯಂ 226ರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಸವೆಯಲು ಹಿಡಿಯುವ ಕಾಲ, 1,600 ವರ್ಷ. ನೂರು ವರ್ಷದ ಹಿಂದೆ ಡಯಲಿಗೆ ಬಳಿದ ರೇಡಿಯಂನಲ್ಲಿ ಇವತ್ತಿಗೆ ಖರ್ಚಾಗಿರುವುದು ನೂರಕ್ಕೆ ನಾಲ್ಕು ಪಾಲು, ಅಷ್ಟೇ. ತೊಂಬತ್ತಾರು ಪಾಲು ಹಾಗೇ ಕುಳಿತಿದೆ. ದೊಡ್ಡಪ್ಪನ ವಾಚಿನಲ್ಲಿ ಎಣ್ಣೆ ತುಂಬಿ ತುಳುಕುತ್ತಿದೆ, ಸುಟ್ಟು ಹೋಗಿರುವುದು ಬತ್ತಿ.

ಬತ್ತಿಯ ಹೆಸರು ಸತುವಿನ ಸಲ್ಫೈಡ್. ನೋಡಲು ಮೈದಾದಂಥ ಬಿಳಿ ಪುಡಿ. ಶುದ್ಧವಾಗಿದ್ದರೆ ಹೆಚ್ಚೇನೂ ಹೊಳೆಯದು. ಅದಕ್ಕೆ ಲೆಕ್ಕಕ್ಕೂ ಸಿಗದಷ್ಟು ಕಡಿಮೆ ತಾಮ್ರ ಬೆರೆಸಿ ಕುಲುಮೆಯಲ್ಲಿ ಕಾಯಿಸಿದರೆ, ಏನಾದರೂ ಬಡಿದಾಗ ಹಸಿರಾಗಿ ಬೆಳಗುವ ಗುಣ ಬರುತ್ತದೆ. 1903ರಲ್ಲಿ ಲಂಡನ್ನಿನ ವಿಲಿಯಂ ಕ್ರೂಕ್ಸ್ ಇಂಥ ಪುಡಿ ಹಚ್ಚಿದ ಪರದೆಯ ಮೇಲೆ ರೇಡಿಯಂ ಚೆಲ್ಲಿಕೊಂಡರಂತೆ. ಚಿನ್ನಕ್ಕಿಂತ ತುಟ್ಟಿಯಾದ ವಸ್ತು, ಬಿಡಲಾದೀತೆ? ಕಣಕಣ ಹುಡುಕಲು ಸೂಕ್ಷ್ಮದರ್ಶಕ ಹಿಡಿದು ಬಗ್ಗಿ ನೋಡಿದರೆ, ದೂರಕ್ಕೆ ಒಂದೇ ಸಮನೆ ಬೆಳಗುತ್ತಿದ್ದ ಪರದೆ ಹತ್ತಿರದಿಂದ ಸಾವಿರಾರು ಬಿಡಿ ಮಿಂಚುಗಳಾಗಿ ಕಂಡಿತು. ಒಂದೊಂದು ಮಿಂಚೂ ರೇಡಿಯಂನಿಂದ ಹಾರಿಬಂದ ಒಂದೊಂದು ಆಲ್ಫಾ ಕಣದ ಪೆಟ್ಟು. ಕೆಲವು ವರ್ಷಗಳ ನಂತರ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡರ ಜೊತೆಗಾರರಾದ ಗೈಗರ್ ಮತ್ತು ಮಾರ್ಸ್‌ಡೆನ್ ಕತ್ತಲಕೋಣೆಯಲ್ಲಿ ಕೂತು ಇದೇ ಬಗೆಯ ಪರದೆಯ ಮೇಲೆ ಮಿಂಚುಗಳನ್ನು ಎಣಿಸಿದರು. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆಯೆಂದು ಜಗತ್ತಿಗೆ ಗೊತ್ತಾದದ್ದು ಆ ಎಣಿಕೆಯಿಂದ. ಗಡಿಯಾರದ ಬಣ್ಣಕ್ಕೂ ಆಧುನಿಕ ಭೌತವಿಜ್ಞಾನಕ್ಕೂ ಒಂದೇ ಡಬ್ಬಿಯ ಪುಡಿ.

ಹೊಸ ರೇಡಿಯಂ ವಾಚಿನ ಅಂಕಿಯಲ್ಲಿ ನಡೆಯುತ್ತಿದ್ದುದೂ ಇದೇ ಮಿಂಚಿನ ಮಳೆ. ಲೆಕ್ಕ ಹಾಕೋಣ. ಇಡೀ ಡಯಲಿನಲ್ಲಿ ಒಂದು ಮೈಕ್ರೊಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ರೇಡಿಯಂ ಇದೆಯೆಂದಿಟ್ಟುಕೊಳ್ಳಿ. ಅದರಲ್ಲಿ ಸೆಕೆಂಡಿಗೆ 37,000 ಪರಮಾಣುಗಳು ಸಿಡಿಯುತ್ತವೆ. ಸೆಕೆಂಡಿನ ಮುಳ್ಳು ಒಂದು ಗೆರೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ 37,000 ಪೆಟ್ಟು. ದಿನಕ್ಕೆ ಸುಮಾರು 320 ಕೋಟಿ. ಇದು ರೇಡಿಯಂನ ಪೆಟ್ಟಷ್ಟೇ. ಅದು ಸಿಡಿದು ಹುಟ್ಟುವ ರೇಡಾನ್, ಪೊಲೋನಿಯಂ ಮುಂತಾದ ಮರಿಗಳೂ ತಮ್ಮ ಪಾಲಿನ ಆಲ್ಫಾ ಕಣಗಳನ್ನು ಸೇರಿಸುತ್ತವೆ. ಆ ಮಳೆ ಹಗಲು ರಾತ್ರಿ ನೋಡುವುದಿಲ್ಲ, ವಾಚ್ ಓಡುತ್ತಿದೆಯೋ ನಿಂತಿದೆಯೋ ಅದಕ್ಕೆ ಬೇಕಿಲ್ಲ.

ಒಂದು ಆಲ್ಫಾ ಕಣ ಸುಮಾರು 48 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊತ್ತು ಹೊರಡುತ್ತದೆ. ಅದನ್ನೆಲ್ಲ ಒಂದು ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ದೂರದಲ್ಲಿ ಹರಳಿನೊಳಗೆ ಖರ್ಚು ಮಾಡಿ ನಿಲ್ಲುತ್ತದೆ. ಬಹುಪಾಲು ಖರ್ಚು ಎಲೆಕ್ಟ್ರಾನುಗಳನ್ನು ಮೇಲೆಬ್ಬಿಸುವುದಕ್ಕೆ. ಅವು ಕೆಳಗಿಳಿಯುವಾಗ ತಾಮ್ರದ ಪರಮಾಣು ಇರುವ ಜಾಗದಲ್ಲಿ ಹಸಿರು ಬೆಳಕು ಬಿಡುತ್ತವೆ. ನಮಗೆ ಬೇಕಾದದ್ದು ಅದು. ಆದರೆ ಓಟದ ಕೊನೆಯಲ್ಲಿ, ಸುಸ್ತಾಗಿ ನಿಧಾನವಾಗುವ ಹೊತ್ತಿಗೆ, ಆಲ್ಫಾ ಕಣ ಇಡೀ ಪರಮಾಣುಗಳಿಗೇ ಡಿಕ್ಕಿ ಹೊಡೆದು ನೂರಾರನ್ನು ಅವುಗಳ ಜಾಗದಿಂದ ಕಿತ್ತು ಒಗೆಯುತ್ತದೆ. ಸಾಲಾಗಿ ಜೋಡಿಸಿದ್ದ ಹರಳಿನಲ್ಲಿ ಇಲ್ಲೊಂದು ಖಾಲಿ ಕುಳಿ, ಅಲ್ಲೊಂದು ಅನಾಥ ಪರಮಾಣು.

ಸತುವಿನ ಸಲ್ಫೈಡ್ ಬೆಳ್ಳಗಿರುವುದಕ್ಕೂ ಒಂದು ಕಾರಣವಿದೆ. ಅದರ ಎಲೆಕ್ಟ್ರಾನುಗಳಿಗೆ ನೆಲಮಾಳಿಗೆಯೊಂದು, ಮಹಡಿಯೊಂದು. ನಡುವಿನ ಅಂತರ ದೊಡ್ಡದು. ಕಣ್ಣಿಗೆ ಕಾಣುವ ಯಾವ ಬೆಳಕಿಗೂ ಎಲೆಕ್ಟ್ರಾನನ್ನು ಅಷ್ಟೆತ್ತರ ಎತ್ತುವ ತ್ರಾಣವಿಲ್ಲ. ಆದ್ದರಿಂದ ಯಾವ ಬಣ್ಣವನ್ನೂ ಅದು ನುಂಗುವುದಿಲ್ಲ, ಎಲ್ಲವೂ ಚದುರಿ ಹೊರಬಂದು ಬಿಳಿಯಾಗಿ ಕಾಣುತ್ತದೆ. ಹರಳು ಮುರಿದಾಗ ಆ ಅಂತರದ ನಡುವೆ ಕಳ್ಳಮೆಟ್ಟಿಲುಗಳು ಹುಟ್ಟುತ್ತವೆ. ಮಹಡಿಯಿಂದ ಇಳಿಯುವ ಎಲೆಕ್ಟ್ರಾನು ತಾಮ್ರದ ಕಡೆ ಹೋಗಿ ಹಸಿರು ಬೆಳಕು ಕೊಡುವ ಬದಲು ಕಳ್ಳಮೆಟ್ಟಿಲಲ್ಲಿ ಸದ್ದಿಲ್ಲದೆ ಇಳಿದು, ಶಕ್ತಿಯನ್ನು ಬರೀ ಬಿಸಿಯಾಗಿ ಚೆಲ್ಲುತ್ತದೆ. ಅಂಕಿ ಮಂಕಾಗುತ್ತದೆ. ಅದೇ ಮೆಟ್ಟಿಲು ಹಿಡಿದು ಕೆಳಗಿನವು ಮೇಲೂ ಹತ್ತಬಲ್ಲವು, ಅದಕ್ಕೆ ನೀಲಿ ಬೆಳಕಿನ ಬಲವೇ ಸಾಕು. ಹೊರಗಿನಿಂದ ಬಿದ್ದ ಬೆಳಕಿನಲ್ಲಿ ನೀಲಿಯನ್ನು ಹರಳು ನುಂಗಿಕೊಂಡರೆ ನಮ್ಮ ಕಣ್ಣಿಗೆ ಉಳಿಯುವುದು ಹಳದಿ, ಆಮೇಲೆ ಕಂದು. ಬೆಳಕು ಸತ್ತದ್ದೂ ಬಣ್ಣ ಕೆಟ್ಟದ್ದೂ ಒಂದೇ ಗಾಯದ ಎರಡು ಗುರುತು.

ಈ ಗಾಯದ ಸುದ್ದಿ ತಯಾರಕರಿಗೆ ತಿಳಿಯದ್ದೇನಲ್ಲ. 1910ರಷ್ಟು ಹಿಂದೆಯೇ ಮಾರ್ಸ್‌ಡೆನ್ ಪರದೆಗಳು ಮಂಕಾಗುವುದನ್ನು ಅಳೆದಿದ್ದರು. ಪ್ರತಿ ಆಲ್ಫಾ ಕಣವೂ ತಾನು ಬಿದ್ದೆಡೆಯ ಬೆಳಕಿನ ಕೇಂದ್ರಗಳನ್ನು ಹಾಳುಮಾಡುತ್ತಲೇ ಬೆಳಗಿಸುತ್ತದೆ ಎಂಬ ಸಿದ್ಧಾಂತವನ್ನು ರುದರ್‌ಫೋರ್ಡ್ ಅದೇ ವರ್ಷ ಮಂಡಿಸಿದರು. ಹಾಗಾಗಿ ರೇಡಿಯಂ ಬಣ್ಣದ ವ್ಯಾಪಾರದಲ್ಲಿ ಒಂದು ವಿಚಿತ್ರ ಚೌಕಾಸಿ ಇತ್ತು. ಹೆಚ್ಚು ರೇಡಿಯಂ ಸುರಿದರೆ ಮೊದಲ ದಿನ ಕಣ್ಣು ಕುಕ್ಕುವ ಬೆಳಕು, ಆದರೆ ಬೇಗ ಮಂಕು. ಕಡಿಮೆ ಹಾಕಿದರೆ ಮಂದ ಬೆಳಕು, ಜಾಸ್ತಿ ಬಾಳಿಕೆ. ವಿಮಾನದ ಉಪಕರಣಗಳಿಗೂ ಸೈನಿಕರ ವಾಚುಗಳಿಗೂ ಮೊದಲನೆಯದೇ ಬೇಕಿತ್ತು. ಯುದ್ಧಕಾಲದ ವಾಚುಗಳು ಇವತ್ತು ಅತಿ ಹೆಚ್ಚು ಕಪ್ಪಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಕಂದು ಬಣ್ಣಕ್ಕೆ ಇನ್ನೊಂದು ಮೂಲವೂ ಇದೆ: ಅಂಟು. ಪುಡಿ ತಾನಾಗಿ ಡಯಲಿಗೆ ಅಂಟಿಕೊಳ್ಳದು. ಗೋಂದು, ಎಣ್ಣೆಯ ವಾರ್ನಿಷ್, ಆಮೇಲಿನ ಕಾಲದಲ್ಲಿ ಲ್ಯಾಕರ್, ಹೀಗೆ ಏನಾದರೊಂದರಲ್ಲಿ ಕಲಸಲೇಬೇಕು. ಇವೆಲ್ಲ ಇಂಗಾಲದ ಉದ್ದುದ್ದ ಸರಪಳಿಗಳು. ವಿಕಿರಣ ಅವನ್ನು ಅಲ್ಲಲ್ಲಿ ಕತ್ತರಿಸಿ, ಹೈಡ್ರೋಜನ್ ಕಿತ್ತು, ಗಾಳಿಯ ಆಕ್ಸಿಜನ್ ಸೇರಿಸಿ, ನೀಲಿಯನ್ನು ನುಂಗುವ ಹೊಸ ಜೋಡಣೆಗಳನ್ನು ಮಾಡುತ್ತದೆ. ಹಳೆಯ ಮನೆಯ ಬಾಗಿಲಿಗೆ ಬಳಿದ ವಾರ್ನಿಷ್ ಬಿಸಿಲಿಗೆ ಮೂವತ್ತು ವರ್ಷದಲ್ಲಿ ಕಂದಾಗುವುದೂ ಇದೇ ಬಗೆಯ ಕತೆ. ಅಂಟು ಪುಡಿಪುಡಿಯಾದಾಗಲೇ ಬಣ್ಣ ಬಿರುಕು ಬಿಟ್ಟು, ಧೂಳಾಗಿ ಗಾಜಿನೊಳಗೆ ಉದುರುವುದು.

ಅಂಟಿನ ಮಾತು ಬಂದಾಗ ಅದನ್ನು ಬಳಿದವರನ್ನು ದಾಟಿ ಹೋಗಲಾಗದು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದಲ್ಲಿ 1917ರಿಂದ ಯುವತಿಯರು ‘ಅನ್‌ಡಾರ್ಕ್’ ಎಂಬ ಹೆಸರಿನ ರೇಡಿಯಂ ಬಣ್ಣವನ್ನು ಡಯಲುಗಳಿಗೆ ತುಂಬುತ್ತಿದ್ದರು. ಒಂದು ಮಿಲಿಮೀಟರ್ ಅಗಲದ ಅಂಕಿ. ಕುಂಚದ ತುದಿ ಚೂಪಾಗಬೇಕೆಂದರೆ ತುಟಿಯ ನಡುವೆ ಇಟ್ಟು ತಿರುವಿರಿ ಎಂದು ಅವರಿಗೆ ಕಲಿಸಲಾಗಿತ್ತು. ಧಾತುಗಳ ಕೋಷ್ಟಕದಲ್ಲಿ ರೇಡಿಯಂ ಕ್ಯಾಲ್ಸಿಯಂ ಇರುವ ಕಂಬಸಾಲಿನದೇ. ದೇಹಕ್ಕೆ ಅವೆರಡರ ವ್ಯತ್ಯಾಸ ಸರಿಯಾಗಿ ತಿಳಿಯದೆ ಅದು ರೇಡಿಯಂ ಅನ್ನು ಮೂಳೆಗೆ ಸೇರಿಸಿಕೊಂಡಿತು. ದವಡೆ ಕೊಳೆತು ಕೈಗೇ ಬಂತು, ಬೆನ್ನುಮೂಳೆ ಕುಸಿಯಿತು. ಆ ಯುವತಿಯರಲ್ಲಿ ಗ್ರೇಸ್ ಫ್ರೈಯರ್ ಮತ್ತು ನಾಲ್ವರು ಗೆಳತಿಯರು 1927ರಲ್ಲಿ ಕಂಪನಿಯ ಮೇಲೆ ಹೂಡಿದ ದಾವೆ ಮರುವರ್ಷ ರಾಜಿಯಲ್ಲಿ ಮುಗಿಯಿತು. ಆ ಬಣ್ಣವನ್ನು ರೂಪಿಸಿದ ಸಬೀನ್ ವಾನ್ ಸೊಚೊಕಿ ಅದೇ 1928ರಲ್ಲಿ ರಕ್ತ ಬತ್ತುವ ಕಾಯಿಲೆಯಿಂದ ಸತ್ತರು. ಹರಳಿನಲ್ಲಿ ನಡೆದದ್ದೇ ಮೂಳೆಯಲ್ಲೂ ನಡೆಯಿತು. ಹರಳಿಗೆ ನೋವಿರಲಿಲ್ಲ.

1960ರ ದಶಕದಲ್ಲಿ ಗಡಿಯಾರದವರು ಟ್ರಿಟಿಯಂ ಕಡೆ ತಿರುಗಿದರು. ಅದು ಹೈಡ್ರೋಜನ್‌ನ ತೂಕದ ಅಣ್ಣ, ಅರ್ಧಾಯು ಹನ್ನೆರಡೂಕಾಲು ವರ್ಷ ಚಿಲ್ಲರೆ. ಡಯಲಿನ ಬುಡದಲ್ಲಿದ್ದ ‘ಸ್ವಿಸ್’ ಎಂಬ ಅಕ್ಷರದ ಆಚೆ ಈಚೆ ಒಂದೊಂದು ‘ಟಿ’ ಸೇರಿತು. ಕೆಲವು ಡಯಲುಗಳಲ್ಲಿ ‘ಟಿ’ ಪಕ್ಕ 25 ಎಂಬ ಅಂಕಿಯೂ ಇರುತ್ತದೆ, ಒಳಗಿರುವುದು 25 ಮಿಲಿಕ್ಯೂರಿಗಿಂತ ಕಡಿಮೆ ಎಂಬ ಭರವಸೆ. ಹಳೆಯ ವಾಚ್ ಕೊಳ್ಳುವವರು ಮೊದಲು ಭೂತಗನ್ನಡಿ ಹಿಡಿಯುವುದು ಈ ಎರಡು ಅಕ್ಷರಗಳಿಗಾಗಿ.

ಟ್ರಿಟಿಯಂ ಎಸೆಯುವುದು ಎಲೆಕ್ಟ್ರಾನುಗಳನ್ನು, ಅದೂ ಬಡಕಲು ಎಲೆಕ್ಟ್ರಾನುಗಳನ್ನು. ಸರಾಸರಿ ಶಕ್ತಿ 5,700 ಎಲೆಕ್ಟ್ರಾನ್ ವೋಲ್ಟ್. ರೇಡಿಯಂನ ಆಲ್ಫಾ ಕಣದ ಎಂಟುನೂರನೇ ಒಂದು ಪಾಲೂ ಇಲ್ಲ. ವಾಚಿನ ಗಾಜನ್ನೂ ಅವು ದಾಟಲಾರವು. ಸತುವಿನ ಪರಮಾಣು ಎಲೆಕ್ಟ್ರಾನಿಗಿಂತ ಸುಮಾರು 1,19,000 ಪಟ್ಟು ಭಾರ. ಒರಳುಕಲ್ಲಿಗೆ ಸಾಸಿವೆ ಕಾಳು ಎಸೆದ ಹಾಗೆ, ಡಿಕ್ಕಿ ಹೊಡೆದು ಅದನ್ನು ಜಾಗದಿಂದ ಕದಲಿಸುವುದು ಈ ಎಲೆಕ್ಟ್ರಾನುಗಳಿಂದಾಗದು. ಆದ್ದರಿಂದ ಇಲ್ಲಿ ಕತೆ ತಿರುಗಾಮುರುಗಾ. ಬತ್ತಿ ಸುಮಾರಾಗಿ ಉಳಿದಿರುತ್ತದೆ, ಎಣ್ಣೆಯೇ ತೀರುತ್ತದೆ. ಅರವತ್ತು ವರ್ಷದ ಹಿಂದಿನ ವಾಚಿನಲ್ಲಿ ಈಗ ಮೂವತ್ತರಲ್ಲಿ ಒಂದು ಪಾಲು ಟ್ರಿಟಿಯಂ ಉಳಿದಿದ್ದರೆ ಹೆಚ್ಚು.

ಹಾಗಿದ್ದರೆ ಟ್ರಿಟಿಯಂ ಅಂಕಿಗಳಾದರೂ ಬೆಳ್ಳಗಿರಬೇಕಿತ್ತಲ್ಲ? ಇಲ್ಲ. ಅವು ಹಾಲಿನ ಕೆನೆಯಿಂದ ಹಿಡಿದು ಸಿಹಿಗುಂಬಳದ ಒಳಗಿನ ಬಣ್ಣದವರೆಗೆ ಹೋಗುತ್ತವೆ. ಇಲ್ಲಿ ಅಪರಾಧಿ ಮುಖ್ಯವಾಗಿ ಅಂಟು. ಟ್ರಿಟಿಯಂ ಅನಿಲ, ಅದನ್ನು ಹಿಡಿದಿಡಲು ಪ್ಲಾಸ್ಟಿಕ್ಕಿನ ಅಣುವಿನಲ್ಲಿದ್ದ ಸಾಧಾರಣ ಹೈಡ್ರೋಜನ್ ತೆಗೆದು ಆ ಜಾಗದಲ್ಲಿ ಕೂರಿಸುತ್ತಾರೆ. ಹಾಗೆ ಕೂತ ಟ್ರಿಟಿಯಂ ಒಂದು ದಿನ ಸಿಡಿದು ಹೀಲಿಯಂ ಆಗುತ್ತದೆ. ಹೀಲಿಯಂ ಯಾರ ಕೈಯನ್ನೂ ಹಿಡಿಯುವುದಿಲ್ಲ. ಸರಪಳಿಯಲ್ಲಿ ಅಷ್ಟು ಹೊತ್ತಿಗೆ ಒಂದು ಕೊಂಡಿ ಕಡಿದಿರುತ್ತದೆ, ಹೊರಟ ಎಲೆಕ್ಟ್ರಾನು ಅಕ್ಕಪಕ್ಕದ ನೂರಾರು ಕೊಂಡಿಗಳನ್ನು ಅಲುಗಿಸಿರುತ್ತದೆ. ಪರಮಾಣುವನ್ನು ಕದಲಿಸಲಾರದ ಎಲೆಕ್ಟ್ರಾನಿಗೆ ಅಣುವಿನ ಕೊಂಡಿ ಮುರಿಯುವುದು ಕಷ್ಟವೇ ಅಲ್ಲ.

ಅಂಟಿನ ಪಾಕ ಒಂದೊಂದು ಕಾರ್ಖಾನೆಯದು ಒಂದೊಂದು. ಒಂದೇ ವಾಚಿನಲ್ಲಿ ಡಯಲಿಗೆ ಬಣ್ಣ ಹಾಕಿದವರು ಬೇರೆ, ಮುಳ್ಳಿಗೆ ತುಂಬಿದವರು ಬೇರೆ. ಹಾಗಾಗಿ ಹುಟ್ಟಿದಂದಿನಿಂದ ಜೊತೆಗಿದ್ದರೂ ಅಂಕಿ ಕೆನೆಬಣ್ಣ, ಮುಳ್ಳು ಕಾಫಿಬಣ್ಣ ಆಗಿರುವುದುಂಟು. ಹಾಗೆಂದು ಪ್ರತಿ ಬಾರಿಯೂ ಅದನ್ನೇ ನಂಬಬಾರದು, ನಡುವೆ ಯಾರೋ ಮುಳ್ಳು ಬದಲಿಸಿರಲೂಬಹುದು. ತೇವ ಒಳಹೊಕ್ಕರೆ ಲೆಕ್ಕವೆಲ್ಲ ತಲೆಕೆಳಗು. ತೇವ ಮತ್ತು ಬಿಸಿಲು ಸೇರಿದರೆ ಸತುವಿನ ಸಲ್ಫೈಡ್ ಒಡೆದು ಸತುವೇ ಹೊರಬಂದು ಬೂದುಬಣ್ಣ ಕಟ್ಟುತ್ತದೆ. ಅಂಟಿನ ಮೇಲೆ ಬೂಷ್ಟು ಬೆಳೆದು ಕಪ್ಪು ಚುಕ್ಕೆಗಳಾಗುತ್ತವೆ. ಕರಾವಳಿಯಲ್ಲಿ ನಾಲ್ಕು ಮಳೆಗಾಲ ಕಂಡ ವಾಚನ್ನು ಕೊಳ್ಳುವವರು ಇದನ್ನು ಗಮನದಲ್ಲಿಡಬೇಕು.

ಹಳೆಯ ಬಣ್ಣ ಯಾವ ಕಾಲದ್ದೆಂದು ಪತ್ತೆ ಮಾಡಲು ಅಂಗಡಿಗಳಲ್ಲಿ ಖೋಟಾ ನೋಟು ನೋಡಲು ಇಟ್ಟಿರುತ್ತಾರಲ್ಲ, ಆ ನೇರಳಾತೀತ ದೀಪ ಸಾಕು. ರೇಡಿಯಂ ಸುಟ್ಟ ಅಂಕಿ ಅದರಡಿಯಲ್ಲಿ ಹೆಚ್ಚುಕಡಿಮೆ ಸುಮ್ಮನೆ ಇರುತ್ತದೆ. ಟ್ರಿಟಿಯಂ ಕಾಲದ್ದು ದೀಪ ಇರುವಷ್ಟು ಹೊತ್ತು ಬೆಳಗಿ, ದೀಪ ತೆಗೆದ ಕೆಲವೇ ಕ್ಷಣಗಳಲ್ಲಿ ಆರುತ್ತದೆ. ದೀಪ ತೆಗೆದ ಮೇಲೂ ಹಸಿರಾಗಿ ನಿಮಿಷಗಟ್ಟಲೆ ಉರಿಯುತ್ತಿದ್ದರೆ, 1965ರ ವಾಚ್ ಎಂದು ಮಾರುವವನು ಎಷ್ಟೇ ಆಣೆ ಹಾಕಲಿ, ಬಣ್ಣ 1990ರ ದಶಕಕ್ಕಿಂತ ಹಿಂದಿನದಲ್ಲ. ನಮ್ಮಲ್ಲಿ ಈ ಪರೀಕ್ಷೆಗೆ ಹೆಚ್ಚು ಸಿಕ್ಕುವುದು ಎಚ್‌ಎಂಟಿ ವಾಚುಗಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ವಾಚುಗಳಲ್ಲಿ ‘ಪೈಲಟ್’ ಎಂಬ ಕಪ್ಪು ಡಯಲಿನದಕ್ಕೆ ಈಗ ಭಾರಿ ಬೇಡಿಕೆ. ಬೇಡಿಕೆ ಇದ್ದಲ್ಲಿ ಹೊಸ ಡಯಲು ಅಚ್ಚುಹಾಕುವವರೂ ಇರುತ್ತಾರೆ. ಸಂಗ್ರಾಹಕರು ಇಂಥವನ್ನು ‘ಮುಂಬೈ ಸ್ಪೆಷಲ್’ ಎಂದು ಗೇಲಿ ಮಾಡುತ್ತಾರೆ.

ನಿಮಿಷಗಟ್ಟಲೆ, ಈಗಿನ ದಿನಗಳಲ್ಲಿ ರಾತ್ರಿಯಿಡೀ, ಉರಿಯುವ ಆ ಹೊಸ ಬತ್ತಿ ಜಪಾನಿನ ನೆಮೊಟೊ ಕಂಪನಿಯಲ್ಲಿ 1993ರಲ್ಲಿ ಸಿದ್ಧವಾಯಿತು. ಸ್ಟ್ರಾಂಷಿಯಂ ಅಲ್ಯುಮಿನೇಟ್ ಹರಳಿಗೆ ಯುರೋಪಿಯಂ ಮತ್ತು ಡಿಸ್‌ಪ್ರೋಸಿಯಂ ಬೆರೆಸಿದ್ದು. ಇದರಲ್ಲಿ ವಿಕಿರಣವಿಲ್ಲ. ಹಗಲು ಬಿದ್ದ ಬೆಳಕಿನಿಂದ ಎದ್ದ ಎಲೆಕ್ಟ್ರಾನುಗಳನ್ನು ಹರಳಿನೊಳಗಿನ ಕುಳಿಗಳಲ್ಲಿ ಕೂಡಿಟ್ಟುಕೊಂಡು ರಾತ್ರಿ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಟ್ರಿಟಿಯಂ ಬಣ್ಣಕ್ಕೆ ಸ್ವಿಸ್ ವಾಚುಗಳಲ್ಲಿ ಬಾಗಿಲು ಮುಚ್ಚಿದ್ದು 1990ರ ದಶಕದ ಕೊನೆಗೆ. ಹೊಸ ಬತ್ತಿಗೆ ಒಂದೇ ಭಯ, ನೀರು. ಅದರಿಂದ ಕಾಪಾಡಿದರೆ ಒಳಗಿನಿಂದ ಬಡಿಯುವವರು ಯಾರೂ ಇಲ್ಲದ್ದರಿಂದ ಅದು ಕಂದಾಗುವುದಿಲ್ಲ.

ಕಂದಾಗದಿರುವುದೇ ಒಂದು ಕೊರತೆಯಾಯಿತು ಎಂದರೆ ನಂಬುತ್ತೀರಾ? ಈ ಬಣ್ಣವನ್ನು ಮಾರುವ ಸ್ವಿಟ್ಜರ್ಲೆಂಡಿನ ಕಂಪನಿಯ ಪಟ್ಟಿಯಲ್ಲಿ ಒಂದು ಛಾಯೆಯ ಹೆಸರು ‘ಓಲ್ಡ್ ರೇಡಿಯಂ’. ಹಳೆಯ ರೇಡಿಯಂ. ಹೊಚ್ಚ ಹೊಸ ಪುಡಿಗೆ ಮುಪ್ಪಿನ ಬಣ್ಣ ಬೆರೆಸಿ, ಹೊಚ್ಚ ಹೊಸ ವಾಚಿಗೆ ತುಂಬಿ, ಜಾಸ್ತಿ ಬೆಲೆಗೆ ಮಾರುತ್ತಾರೆ. ನಮ್ಮ ನಂಬರ್ ಪ್ಲೇಟಿನ ಅಂಗಡಿಯವನನ್ನು ನಾನು ಇನ್ನು ಆಡಿಕೊಳ್ಳುವ ಹಾಗಿಲ್ಲ. ರೇಡಿಯಂ ಇಲ್ಲದ್ದಕ್ಕೆ ರೇಡಿಯಂ ಎನ್ನುವ ಚಟ ಸ್ವಿಸ್ಸರಿಗೂ ಇದೆ.

ರಿಪೇರಿಯವರಿಗೆ ಕೆರೆಯಲು ಬಿಡಲಿಲ್ಲ. ಕೈಗೆ ಕಟ್ಟಿಕೊಂಡರೆ ಆಲ್ಫಾ ಕಣಗಳನ್ನು ಗಾಜೂ ಹಿಂಬದಿಯ ಉಕ್ಕೂ ತಡೆಯುತ್ತವೆ. ಕೆರೆದರೆ ಆ ಧೂಳು ಮೊದಲು ಹೋಗುವುದು ಬಗ್ಗಿ ಕೂತ ಅವರ ಮೂಗಿಗೇ. ಇದನ್ನು ವಿವರಿಸಿದಾಗ ಅವರು ನಕ್ಕು, ‘ಮೂವತ್ತು ವರ್ಷದಿಂದ ಕೆರೀತಾ ಇದೀನಿ ಸಾರ್’ ಎಂದರು. ನನಗೆ ನಗು ಬರಲಿಲ್ಲ. ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲವಂತೂ ಗಾಜಿನ ಅಂಚಿನಿಂದ ನುಸುಳಿ ಹೊರಗೂ ಬರುತ್ತದೆ. 2018ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ ವಿಶ್ವವಿದ್ಯಾಲಯದವರು 30 ಹಳೆಯ ವಾಚುಗಳ ಸಂಗ್ರಹವೊಂದನ್ನು ಅಳೆದು, ಗಾಳಿಯಾಡದ ಕೋಣೆಯಲ್ಲಿ ರೇಡಾನ್ ಸುರಕ್ಷಿತ ಮಟ್ಟವನ್ನು ಎಷ್ಟೋ ಪಟ್ಟು ಮೀರುತ್ತದೆಂದು ತೋರಿಸಿದರು. ನನ್ನ ಬಳಿ ಇರುವುದು ಒಂದೇ ಒಂದು. ಅದನ್ನು ಮಲಗುವ ಕೋಣೆಯಿಂದ ತೆಗೆದು ಹಜಾರದ ಕಪಾಟಿನಲ್ಲಿಟ್ಟಿದ್ದೇನೆ.

ಕಪಾಟಿಗೆ ಇಡುವ ಮುನ್ನ ಒಮ್ಮೆ ಕೀ ಕೊಟ್ಟೆ. ಎಷ್ಟೋ ದಶಕದ ಮೇಲೆ ಟಿಕ್ ಎಂದಿತು. ಹೊತ್ತು ಸರಿಪಡಿಸಲು ಮುಳ್ಳು ತಿರುಗಿಸಿದಾಗ ಅವುಗಳ ಕೆಳಗೆ, ಡಯಲಿನ ಮೇಲೆ, ಎರಡು ಕಂದು ನೆರಳು ಕಂಡವು. ಒಂದು ಗಿಡ್ಡ, ಒಂದು ಉದ್ದ. ಮುಳ್ಳಿನ ತಳದ ಬಣ್ಣದಿಂದ ಹೊರಟ ಆಲ್ಫಾ ಕಣಗಳು ಮಿಲಿಮೀಟರಿನಷ್ಟು ಗಾಳಿ ದಾಟಿ, ವಾಚ್ ನಿಂತಂದಿನಿಂದ ಟ್ರಂಕಿನ ಕತ್ತಲಲ್ಲಿ ಒಂದೇ ಜಾಗವನ್ನು ಸುಡುತ್ತ ಬಂದಿದ್ದವು. ಭೂತಗನ್ನಡಿ ಹಿಡಿದು ಓದಿದೆ: ನಾಲ್ಕು ಗಂಟೆ ನಲವತ್ತು ನಿಮಿಷ. ಬೆಳಗಿನದೋ ಸಂಜೆಯದೋ ಡಯಲು ಹೇಳುವುದಿಲ್ಲ.